ಪಾತ್ರೆ ಚಿಕ್ಕದು, ಬ್ಯಾಚು ದೊಡ್ಡದು: ಮನೆ ಬಿಯರ್ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ತಕರಾರು. 20 ಲೀಟರ್ ಬ್ಯಾಚು ಮಾಡಿ ಕೈ ಪಳಗಿದೆ, ಈಗ 40, 60, ಕೆಲವರಿಗಂತೂ 100 ಲೀಟರ್ ಮಾಡೋ ಆಸೆ, ಆದ್ರೆ ಇರೋದು ಅದೇ ಹಳೇ ಪಾತ್ರೆ, ಅದೇ ಒಲೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿ ಇದನ್ನೇ ತಗೊಂಡಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಮನೇಲಿ ಬಿಯರ್ ಮಾಡೋಕೆ ಕಾನೂನು ಬಿಡತ್ತಾ, ಬಿಟ್ರೂ ವರ್ಷಕ್ಕೆ ಎಷ್ಟು ಲೀಟರ್ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ದೊಡ್ಡ ಬ್ಯಾಚು ಮಾಡೋರು ಆ ಮಿತಿಗೆ ಬೇಗ ಹೋಗಿ ಮುಟ್ತಾರೆ, ನೋಡ್ಕೊಂಡು ಶುರು ಮಾಡಿ.

ಪ್ರಶ್ನೆ: ನನ್ನತ್ರ ಇರೋದು 15 ಲೀಟರ್ ಸ್ಟೀಲ್ ಪಾತ್ರೆ ಒಂದೇ. ಒಂದು ಸಮಾರಂಭಕ್ಕೆ 40 ಲೀಟರ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆ ಬಿಯರ್) ಬೇಕು. ದೊಡ್ಡ ಪಾತ್ರೆ ಕೊಳ್ಳದೇ ಆಗತ್ತಾ?

ಆಗತ್ತೆ. ಗಟ್ಟಿ ವರ್ಟ್ ಕುದಿಸಿ ಆಮೇಲೆ ನೀರು ಬೆರೆಸೋದು, ಉಪಾಯ ಅಷ್ಟೇ. ವರ್ಟ್ ಅಂದ್ರೆ ಮಾಲ್ಟಿಂದ, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಕಾಳಿಂದ, ತೆಗೆದ ಇನ್ನೂ ಹುದುಗದ ಸಿಹಿ ರಸ. ದೊಡ್ಡ ದೊಡ್ಡ ಬ್ರೂವರಿಗಳೂ ಇದೇ ಕೆಲಸ ಮಾಡ್ತಾವೆ, ಆದ್ರೆ ಅವ್ರು ಗಟ್ಟಿ ಬಿಯರನ್ನ ಹುದುಗಿಸಿ ಕೊನೇಲಿ ಆಮ್ಲಜನಕ ತೆಗೆದ ನೀರು ಬೆರೆಸ್ತಾರೆ. ನಮ್ಮತ್ರ ಅಂಥ ನೀರು ತಯಾರಿಸೋ ಮೆಷಿನ್ ಇಲ್ವಲ್ಲ, ಅದಕ್ಕೇ ನಾವು ಯೀಸ್ಟ್ ಹಾಕೋಕೆ ಮುಂಚೇನೇ ಬೆರೆಸ್ಬೇಕು, ಆಗ ನೀರಲ್ಲಿರೋ ಆಮ್ಲಜನಕ ಯೀಸ್ಟ್ ಬೆಳೆಯೋಕೇ ಖರ್ಚಾಗಿ ಹೋಗತ್ತೆ. ಹುದುಗಾದ್ಮೇಲೆ ನಲ್ಲಿ ನೀರು ಸುರಿದ್ರೆ ಅದೇ ಆಮ್ಲಜನಕ ಬಿಯರನ್ನ ಸಪ್ಪೆ ಮಾಡಿ ಒದ್ದೆ ರಟ್ಟಿನ ವಾಸನೆ ಬರ್ಸತ್ತೆ.

ಲೆಕ್ಕ ತುಂಬ ಸುಲಭ. ಗ್ರ್ಯಾವಿಟಿ ಅಂದ್ರೆ ನೀರಿಗೆ ಹೋಲಿಸಿದ್ರೆ ವರ್ಟ್ ಎಷ್ಟು ಸಾಂದ್ರ ಅನ್ನೋದು, ನೀರಿಗೆ 1.000. ಅದರ ಕೊನೇ ಅಂಕಿಗಳನ್ನ ಲೀಟರಿನಿಂದ ಗುಣಿಸಿ, ನೀರು ಬೆರೆಸಿದ್ರೂ ಆ ಗುಣಲಬ್ಧ ಬದಲಾಗಲ್ಲ. ನಿಮಗೆ 1.048ರ 40 ಲೀಟರ್ ಬೇಕು, ಅಂದ್ರೆ 40 ಗುಣಿಸು 48, 1920 ಪಾಯಿಂಟು. 15 ಲೀಟರ್ ಪಾತ್ರೇಲಿ ಉಕ್ಕದ ಹಾಗೆ ಕುದಿಸ್ಬೇಕಾದ್ರೆ 12 ಲೀಟರ್ ಹಾಕ್ಬಹುದು, ಒಂದು ಗಂಟೆ ಕುದ್ದ ಮೇಲೆ 10 ಲೀಟರ್ ಉಳಿಯತ್ತೆ ಅಂತಿಟ್ಕೊಳ್ಳಿ. ಒಂದೇ ಸಲಕ್ಕೆ 1920 ಪಾಯಿಂಟನ್ನ 10 ಲೀಟರಿಗೆ ತುರುಕಿದ್ರೆ ಗ್ರ್ಯಾವಿಟಿ 1.192, ಅದು ಪಾಕ, ವರ್ಟ್ ಅಲ್ಲ. ಹಾಗಾಗಿ ಎರಡು ಸಲ ಕುದಿಸಿ. ಪ್ರತಿ ಸಲ 1.096ರ 10 ಲೀಟರ್, ಅದಕ್ಕೆ 10 ಲೀಟರ್ ನೀರು, 1.048ರ 20 ಲೀಟರ್ ಆಯ್ತು. ಎರಡು ಸಲಕ್ಕೆ 40.

ಬರೀ ಕಾಳಿನ ಮಾಲ್ಟಿಂದ ಇಷ್ಟು ಗಟ್ಟಿ ತೆಗೆಯೋಕೆ ಆ ಪಾತ್ರೆ ಸಾಲಲ್ಲ. ನಾನು ಹೇಳೋದು ಅರ್ಧ ಅರ್ಧ. ಒಂದು ಸಲಕ್ಕೆ 3 ಕೆಜಿ ಪುಡಿ ಮಾಡಿದ ಪೇಲ್ ಮಾಲ್ಟನ್ನ ಬಟ್ಟೆ ಚೀಲದಲ್ಲಿ ಹಾಕಿ 11 ಲೀಟರ್ ನೀರಲ್ಲಿ 66 ಡಿಗ್ರಿ ಹತ್ರ ಒಂದು ಗಂಟೆ ಮ್ಯಾಶ್ ಮಾಡಿ, ಅಂದ್ರೆ ಸಿಹಿ ಬಿಡೋ ಹಾಗೆ ನೆನೆಯೋಕೆ ಬಿಡಿ. ಚೀಲ ಎತ್ತಿ ಹಿಂಡಿದ ಮೇಲೆ 9 ಲೀಟರ್ ಹತ್ರ ಉಳಿಯತ್ತೆ, ಯಾಕಂದ್ರೆ ಹಿಂಡಿದ್ರೂ ಒಂದು ಕೆಜಿ ಕಾಳು ಮುಕ್ಕಾಲು ಲೀಟರಿನಷ್ಟು ನೀರು ಹಿಡ್ಕೊಂಡಿರತ್ತೆ. ಆ ಚೀಲದ ಮೇಲೇ 3 ಲೀಟರ್ ಬಿಸಿ ನೀರು ನಿಧಾನಕ್ಕೆ ಸುರಿದು ತೊಳೆದು 12ಕ್ಕೆ ತನ್ನಿ. ಇದರಿಂದ 550ರ ಆಸುಪಾಸು ಪಾಯಿಂಟು ಬರತ್ತೆ. ಉಳಿದ 400ಕ್ಕೆ 1.1 ಕೆಜಿ ಒಣ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಸಾಕು, ಅದು ವರ್ಟನ್ನ ಒಣಗಿಸಿ ಮಾಡಿದ ಪುಡಿ, ಒಂದು ಕೆಜಿ ಸುಮಾರು 365 ಪಾಯಿಂಟು ಕೊಡತ್ತೆ.

ಈ ಎಕ್ಸ್‌ಟ್ರ್ಯಾಕ್ಟನ್ನ ಶುರೂಲೇ ಹಾಕ್ಬೇಡಿ, ಕುದಿ ಮುಗಿಯೋಕೆ 10 ನಿಮಿಷ ಇದ್ದಾಗ ಬೆಂಕಿ ಆರಿಸಿ, ಕಲಸಿ, ಮತ್ತೆ ಹಚ್ಚಿ. ಎರಡು ಕಾರಣ. ಬೆಂಕಿ ಉರೀತಿದ್ದಾಗ ಹಾಕಿದ್ರೆ ತಳದಲ್ಲಿ ಕೂತು ಸೀದುಹೋಗತ್ತೆ. ಇನ್ನೊಂದು, ಗಟ್ಟಿ ವರ್ಟಿಗೆ ಹಾಪ್ಸಿನ (ಬಿಯರಿಗೆ ಕಹಿ, ಪರಿಮಳ ಕೊಡೋ ಹೂವು) ಕಹಿ ಸರಿಯಾಗಿ ಇಳಿಯಲ್ಲ, ಬಳಕೇಲಿರೋ ಸೂತ್ರದ ಪ್ರಕಾರ 1.050ಕ್ಕೆ ಹೋಲಿಸಿದ್ರೆ 1.096ರಲ್ಲಿ ಕಹಿ ಮೂರನೇ ಒಂದು ಭಾಗ ಕಮ್ಮಿ. ಎಕ್ಸ್‌ಟ್ರ್ಯಾಕ್ಟ್ ತಡವಾಗಿ ಹಾಕಿದ್ರೆ ಕುದಿಯೋ ಹೊತ್ತಲ್ಲೆಲ್ಲ ವರ್ಟ್ ತೆಳ್ಳಗೇ ಇರತ್ತೆ, ಆ ನಷ್ಟ ತಪ್ಪತ್ತೆ. ಹಾಪ್ಸ್ ಮಾತ್ರ ಪಾತ್ರೆಯ 10 ಲೀಟರಿಗಲ್ಲ, ಆಗಬೇಕಿರೋ 20 ಲೀಟರಿಗೆ ಎಷ್ಟೋ ಅಷ್ಟು ಹಾಕಿ.

ಈ ವಿಧಾನಕ್ಕೆ ಒಂದು ಮಿತಿ ಇದೆ, ಅದನ್ನ ಯಾರೂ ಹೇಳಲ್ಲ. ವರ್ಟು ಹಿಡಿದಿಟ್ಕೊಳ್ಳೋ ಕಹಿ 100 ಐಬಿಯು (ಬಿಯರಿನ ಕಹಿ ಅಳೆಯೋ ಮಾನ) ಆಸುಪಾಸಲ್ಲಿ ನಿಂತುಬಿಡತ್ತೆ, ಆಮೇಲೆ ಎಷ್ಟು ಹಾಪ್ಸ್ ಸುರಿದ್ರೂ ದಂಡ. ಅರ್ಧಕ್ಕರ್ಧ ನೀರು ಬೆರೆಸಿದ ಮೇಲೆ 50 ದಾಟೋದು ಕಷ್ಟ. ಪೇಲ್ ಏಲ್, ಗೋಧಿ ಬಿಯರ್, ಬ್ರೌನ್ ಏಲ್ ಇದಕ್ಕೆಲ್ಲ ಏನೂ ತೊಂದ್ರೆ ಇಲ್ಲ, ನಾಲಿಗೆ ಸೀಳೋ ಕಹಿಯ ಐಪಿಎ (ಇಂಡಿಯಾ ಪೇಲ್ ಏಲ್) ಬೇಕು ಅಂದ್ರೆ ಮಾತ್ರ ಈ ದಾರಿ ಬೇಡ.

ಬೆರೆಸೋ ನೀರಿನ ಬಗ್ಗೆ: ಕ್ಲೋರಿನ್ ಇರೋ ನೀರಾದ್ರೆ ಆಸ್ಪತ್ರೆ ವಾಸನೆಯ ಬಿಯರ್ ಬರತ್ತೆ. ಕುದಿಸಿ ಆರಿಸಿದ್ರೆ ಕ್ಲೋರಿನ್ ಹೋಗತ್ತೆ, ಕ್ರಿಮಿನೂ ಸಾಯತ್ತೆ. ಕ್ಲೋರಮೀನ್ (ಕ್ಲೋರಿನ್ ಬದ್ಲು ಕೆಲವು ಕಡೆ ನೀರಿಗೆ ಹಾಕೋ ರಾಸಾಯನಿಕ) ಆದ್ರೆ ಕುದಿಸಿದ್ರೂ ಸುಲಭಕ್ಕೆ ಹೋಗಲ್ಲ, ಅದಕ್ಕೆ ಕ್ಯಾಂಪ್ಡೆನ್ ಅನ್ನೋ ಸಲ್ಫೈಟ್ ಮಾತ್ರೆ, ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗಾಗತ್ತೆ, ಅಂದ್ರೆ ನಿಮಗೆ ಅರ್ಧ ಸಾಕು.

ಪ್ರಶ್ನೆ: ನೀರು ಬೆರೆಸಿ ಅಳೆದ್ರೆ ಹೈಡ್ರೋಮೀಟರ್ 1.030 ತೋರಿಸ್ತಿದೆ, ಬರಬೇಕಿದ್ದಿದ್ದು 1.048. ಮಾಲ್ಟ್ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ, ತಳದಲ್ಲಿದೆ. ಗಟ್ಟಿ ವರ್ಟ್ ಕೆಳಗೆ ಕೂತು ನೀರು ಮೇಲೆ ನಿಂತಿದೆ, ನೀವು ಮೇಲಿಂದ ತಗೊಂಡಿದೀರ. ತಳದಲ್ಲಿ ನಲ್ಲಿ ಇರೋ ಫರ್ಮೆಂಟರ್ (ಹುದುಗಿಸೋ ಪಾತ್ರೆ) ಆದ್ರೆ ಉಲ್ಟಾ, 1.070 ತೋರಿಸಿ ಗಾಬರಿ ಪಡಿಸತ್ತೆ. ಎಕ್ಸ್‌ಟ್ರ್ಯಾಕ್ಟ್ ತೂಕ ಸರಿ ಇದ್ದು ಲೀಟರ್ ಸರಿ ಇದ್ರೆ ಲೆಕ್ಕ ಹಾಕಿದ ಸಂಖ್ಯೇನೇ ನಂಬಿ, ಮೀಟರ್ ನೋಡಿ ಇನ್ನೊಂದು ಕೆಜಿ ಸಕ್ಕರೆ ಸುರೀಬೇಡಿ. ಯೀಸ್ಟ್ ಕೆಲಸ ಶುರು ಮಾಡಿದ ಮೇಲೆ ತಾನೇ ಎಲ್ಲ ಬೆರೆಯತ್ತೆ.

ಪ್ರಶ್ನೆ: 35 ಲೀಟರಿನ ಪಾತ್ರೆ ತಗೊಂಡೆ, ಅದರಲ್ಲಿ 30 ಲೀಟರ್ ಹಾಕಿ ಅಡುಗೆ ಒಲೆ ಮೇಲಿಟ್ರೆ ಎರಡು ಗಂಟೆ ಆದ್ರೂ ಕುದೀತಾ ಇಲ್ಲ, ಸುಮ್ನೆ ಹೊಗೆಯಾಡ್ತಾ ಕೂತಿರತ್ತೆ. ಪಾತ್ರೆ ಕೆಟ್ಟದಾ?

ಪಾತ್ರೆ ಚೆನ್ನಾಗೇ ಇದೆ, ಶಾಖ ಸಾಲ್ತಿಲ್ಲ. ದೊಡ್ಡ ಬ್ಯಾಚು ಅಂದ ಕೂಡ್ಲೇ ಎಲ್ರೂ ದೊಡ್ಡ ಪಾತ್ರೆ ತರೋಕೆ ಓಡ್ತಾರೆ, ನನ್ನ ಕೇಳಿದ್ರೆ ಪಾತ್ರೆ ಕೊನೇಗೆ ತಗೋಬೇಕಾದ್ದು. ಬಿಸಿ ಮಾಡೋ ಶಕ್ತಿ ಎಷ್ಟಿದೆ, ಆರಿಸೋ ಶಕ್ತಿ ಎಷ್ಟಿದೆ, ಎತ್ತೋ ಶಕ್ತಿ ಎಷ್ಟಿದೆ, ಇವು ಮೂರರಲ್ಲಿ ಯಾವುದು ಕಮ್ಮಿಯೋ ಅದೇ ನಿಮ್ಮ ಬ್ಯಾಚಿನ ಸೈಜು.

ಲೆಕ್ಕ ನೋಡಿ. 30 ಲೀಟರ್ ನೀರನ್ನ 20 ಡಿಗ್ರಿಯಿಂದ 100ಕ್ಕೆ ತರೋಕೆ 2.8 ಯೂನಿಟ್ ಶಕ್ತಿ ಬೇಕು. 2 ಕಿಲೋವ್ಯಾಟ್ ಕಾಯಿಲ್ ಇದ್ರೆ, ಒಂದು ಚೂರೂ ಶಾಖ ಸೋರಿಹೋಗದಿದ್ರೂ, ಒಂದೂಕಾಲು ಗಂಟೆ ಮೇಲಾಗತ್ತೆ. ಗ್ಯಾಸ್ ಒಲೇಲಿ ಉರಿಯ ಅರ್ಧದಷ್ಟು ಪಾತ್ರೆ ಪಕ್ಕದಿಂದ ಗಾಳಿಗೇ ಹೋಗತ್ತೆ. ಅಗಲ ಬಾಯಿಯ ಪಾತ್ರೆ ಆದ್ರೆ ಮೇಲಿಂದ ಹೋಗೋ ಶಾಖವೂ ಒಲೆ ಕೊಡೋ ಶಾಖವೂ ಸಮಾ ಆಗಿ 96, 97ರಲ್ಲೇ ನಿಂತುಬಿಡತ್ತೆ, ನಿಮಗೆ ಆಗಿರೋದು ಅದೇ.

ದಾರಿ ಏನು ಅಂದ್ರೆ ವರ್ಟನ್ನ ಎರಡು ಪಾತ್ರೆಗೆ ಹಂಚಿ ಎರಡು ಒಲೆ ಮೇಲೆ ಇಡಿ. ನೋಡೋಕೆ ಪೆದ್ದು ಉಪಾಯ ಅನ್ಸತ್ತೆ, ಆದ್ರೆ ಎರಡು ಬರ್ನರಿನ ಶಾಖ ಒಟ್ಟಿಗೆ ಸಿಗತ್ತಲ್ಲ. ಎರಡರಿಂದ್ಲೂ ಆವಿ ಹೋಗೋದ್ರಿಂದ ಒಟ್ಟು ನೀರು ಜಾಸ್ತಿ ಆರತ್ತೆ, ಒಂದೆರಡು ಲೀಟರ್ ಹೆಚ್ಚಿಗೆ ಇಟ್ಕೊಂಡು ಶುರು ಮಾಡಿ. ಹಾಪ್ಸನ್ನ ಎರಡಕ್ಕೂ ಆಯಾ ಪ್ರಮಾಣದಲ್ಲಿ ಹಂಚಿ, ಒಂದಕ್ಕೇ ಎಲ್ಲಾ ಹಾಕಿದ್ರೆ ಆಗ್ಲೇ ಹೇಳಿದ ಕಹಿಯ ಮಿತಿ ಅಡ್ಡ ಬರತ್ತೆ. ಇನ್ನೊಂದು, ಮ್ಯಾಶ್ ಮುಗಿಯೋವರೆಗೂ ಕಾಯ್ಬೇಡಿ, ಮೊದ್ಲು ಇಳಿದ ವರ್ಟನ್ನ ಒಂದು ಒಲೆ ಮೇಲೆ ಕಾಯೋಕಿಟ್ಟು ಆಮೇಲೆ ಕಾಳು ತೊಳೀರಿ, ಅರ್ಧ ಗಂಟೆ ಉಳಿಯತ್ತೆ.

ಮುಚ್ಚಳ ಕುದಿ ಬರೋವರೆಗೆ ಪೂರ್ತಿ ಮುಚ್ಚಬಹುದು, ಬಂದ ಮೇಲೆ ಕಾಲು ಭಾಗನಾದ್ರೂ ತೆಗೆದಿಡಿ. ಮಾಲ್ಟಲ್ಲಿರೋ ಒಂದು ವಸ್ತು ಬಿಸಿಗೆ ಡಿಎಂಎಸ್ ಅನ್ನೋ ಗಂಧಕದ ಅನಿಲ ಆಗತ್ತೆ, ಬೇಯಿಸಿದ ಜೋಳದ ವಾಸನೆ ಅದು, ಆವಿ ಜೊತೆ ಹೊರಗೆ ಹೋಗ್ಬೇಕು. ಪಿಲ್ಸ್ನರ್ ಮಾಲ್ಟಲ್ಲಿ ಇದು ಜಾಸ್ತಿ, ಅದಕ್ಕೇ ಅದನ್ನ 90 ನಿಮಿಷ ಕುದಿಸೋ ರೂಢಿ. ಧುಮ್ಮಿಕ್ಕಿ ಕುದೀಬೇಕು ಅಂತೇನಿಲ್ಲ, ಮೇಲ್ಮೈ ಒಂದೇ ಸಮ ಹೊರಳ್ತಾ ಇದ್ರೆ ಸಾಕು.

ಮೊದಲ ಕುದಿ ಬರೋವಾಗ ಪಕ್ಕದಲ್ಲೇ ನಿಂತಿರಿ. ಕಂದು ನೊರೆ ಒಂದು ಮೂಲೇಲಿ ಗಟ್ಟಿಯಾಗಿ ಕೂತಿರತ್ತೆ, ಏನೂ ಆಗ್ತಿಲ್ಲ ಅನ್ಸತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಇಡೀ ಪದರ ಒಟ್ಟಿಗೆ ಎದ್ದು ಅಂಚಿಗೆ ಬರತ್ತೆ, ಉರಿ ತಗ್ಗಿಸೋಕೆ ಐದಾರು ಸೆಕೆಂಡ್ ಸಿಗತ್ತೆ ಅಷ್ಟೇ. ತಣ್ಣೀರಿನ ಸ್ಪ್ರೇ ಬಾಟ್ಲಿ ಕೈಲಿದ್ರೆ ನೊರೆ ತಕ್ಷಣ ಕುಸಿಯತ್ತೆ. ಸ್ವಲ್ಪ ಹೊತ್ತಿಗೆ ನೊರೆ ತಾನೇ ಒಡೆದು, ಹಾಲು ಒಡೆದ ಹಾಗೆ ಚೂರು ಚೂರು ತೇಲೋಕೆ ಶುರುವಾಗತ್ತೆ, ಅದು ಪ್ರೋಟೀನು, ಅಲ್ಲಿಂದ ಮುಂದೆ ಉಕ್ಕೋ ಭಯ ಕಮ್ಮಿ. ಮೊದಲ ಹಾಪ್ಸನ್ನ ಆಗ ಹಾಕಿ, ಮುಂಚೆ ಅಲ್ಲ.

ಹೊರಗಡೆ ಉಪಯೋಗಿಸೋ ದೊಡ್ಡ ಗ್ಯಾಸ್ ಬರ್ನರನ್ನ ಒಳಗೆ ತಂದು ಹಚ್ಚೋ ಯೋಚನೆ ಇದ್ರೆ ಇಲ್ಲೇ ಬಿಟ್ಬಿಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆನೋವು ಬಂತು ಅನ್ನೋಷ್ಟರಲ್ಲಿ ಯೋಚನೆ ಮಾಡೋ ಶಕ್ತೀನೂ ಹೋಗಿರತ್ತೆ.

ಪ್ರಶ್ನೆ: ಚಿಲ್ಲರ್ (ವರ್ಟ್ ಬೇಗ ಆರಿಸೋ ಸಾಧನ) ಇಲ್ಲ. 20 ಲೀಟರ್ ಕುದಿಯೋ ವರ್ಟ್ ಆರೋಕೆ ಇಡೀ ರಾತ್ರಿ ಬೇಕಾಗ್ತಿದೆ. ಐಸ್ ಹಾಕ್ಬಹುದಾ?

ಅಂಗಡಿ ಐಸನ್ನ ನೇರವಾಗಿ ಹಾಕ್ಬೇಡಿ, ಅದು ಶುಚಿ ಅಂತ ಗ್ಯಾರಂಟಿ ಇಲ್ಲ. ಬೆರೆಸೋ ನೀರನ್ನೇ ಐಸಿನ ಕೆಲಸಕ್ಕೆ ಹಚ್ಚಿ. ಕುದಿಯೋ 10 ಲೀಟರಿಗೆ ಫ್ರಿಜ್ಜಿನ 4 ಡಿಗ್ರಿಯ 10 ಲೀಟರ್ ಸುರಿದ್ರೆ 52 ಡಿಗ್ರಿ ಆಸುಪಾಸಿಗೆ ಬರತ್ತೆ, ಅಷ್ಟಕ್ಕೇ ಯೀಸ್ಟ್ ಹಾಕೋಕಾಗಲ್ಲ. ಆದ್ರೆ ಮೊದ್ಲು ಪಾತ್ರೇನ ಸಿಂಕಿನ ತಣ್ಣೀರಲ್ಲಿ ಕೂರಿಸಿ, ನೀರು ಬದಲಾಯಿಸ್ತಾ, ಶುಚಿ ಮಾಡಿದ ಸೌಟಲ್ಲಿ ವರ್ಟನ್ನ ತಿರುಗಿಸ್ತಾ 35ಕ್ಕೆ ತಂದು ಆಮೇಲೆ ಅದೇ ತಣ್ಣೀರು ಸುರಿದ್ರೆ ಸೀದಾ 20ಕ್ಕೆ ಬಂದು ನಿಲ್ಲತ್ತೆ. ಕ್ರಮ ಮುಖ್ಯ, ತಣ್ಣೀರು ಕೊನೇಗೆ. 100ರಿಂದ 35ಕ್ಕೆ ಬರೋದು ಸುಲಭ, ವರ್ಟಿಗೂ ಸಿಂಕಿನ ನೀರಿಗೂ ಅಂತರ ದೊಡ್ಡದಿರತ್ತೆ, ಕೊನೇ 15 ಡಿಗ್ರಿನೇ ಪ್ರಾಣ ತಿನ್ನೋದು.

ಇನ್ನೊಂದು ದಾರಿ ಆರಿಸದೇ ಇರೋದು. ಆಸ್ಟ್ರೇಲಿಯಾದ ಮನೆ ಬ್ರೂವರ್‌ಗಳು ರೂಢಿಗೆ ತಂದಿದ್ದು ಇದು, ಬಿಸಿ ವರ್ಟನ್ನ ಹಾಗೇ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಗಾಳಿ ಹಿಂಡಿ ಮುಚ್ಚಿ, ಕ್ಯಾನನ್ನ ಮಗ್ಗುಲಿಗೆ ಮಲಗಿಸಿ ಹಿಡಿಕೆ, ಮುಚ್ಚಳದ ಒಳಭಾಗಕ್ಕೂ ಬಿಸಿ ತಾಗಿಸಿ, ಮರುದಿನ ತಾನಾಗೇ ಆರಿದ ಮೇಲೆ ಯೀಸ್ಟ್. ಕ್ಯಾನು ಆಹಾರಕ್ಕೆ ಯೋಗ್ಯ, ಕುದಿ ಬಿಸಿ ತಡೆಯತ್ತೆ ಅಂತ ಖಾತ್ರಿ ಇರ್ಬೇಕು, ನೀರಿನ ಪೆಟ್ ಬಾಟ್ಲಿ ಸುಕ್ಕಾಗಿ ಹೋಗತ್ತೆ, ಗಾಜಿನ ಜಾಡಿ ಒಡೆಯತ್ತೆ. ಬಿಸಿ ತುಂಬ ಹೊತ್ತು ಉಳಿಯೋದ್ರಿಂದ ಹಾಪ್ಸ್ ಇನ್ನೂ ಕಹಿ ಬಿಡ್ತಾನೇ ಇರತ್ತೆ, ಆದ್ರಿಂದ ಕುದಿ ಮುಗಿಯೋಕೆ 20 ನಿಮಿಷ ಇದ್ದಾಗ ಹಾಕ್ಬೇಕಾದ ಹಾಪ್ಸನ್ನ ಬೆಂಕಿ ಆರಿಸಿದಾಗ ಹಾಕಿ, ಎಲ್ಲಾ ಸಮಯವನ್ನೂ ಹಾಗೇ 15ರಿಂದ 20 ನಿಮಿಷ ತಡ ಮಾಡಿ.

ಒಂದು ಎಚ್ಚರಿಕೆ, ಇದರಲ್ಲಿ ರಾಜಿ ಬೇಡ. ಆ ಕ್ಯಾನನ್ನ ವಾರಗಟ್ಲೆ ಇಟ್ಕೋಬೇಡಿ. ಬಾಟುಲಿಸಂ (ಪ್ರಾಣಕ್ಕೇ ಕುತ್ತು ತರಬಹುದಾದ ಆಹಾರ ವಿಷ) ತರೋ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದ್ರೂ ಸಾಯಲ್ಲ, ಗಾಳಿ ಇಲ್ಲದ ಕಡೆ, ಪಿಎಚ್ 4.6ಕ್ಕಿಂತ ಮೇಲಿದ್ರೆ ಬೆಳೀತಾವೆ, ಹುದುಗದ ವರ್ಟಿನ ಪಿಎಚ್ 5ರ ಮೇಲೇ ಇರತ್ತೆ. ಯೀಸ್ಟ್ ಕೆಲಸ ಶುರು ಮಾಡಿದ್ರೆ ಪಿಎಚ್ ತಾನೇ ಇಳಿಯತ್ತೆ. ಹಾಗಾಗಿ ಮರುದಿನವೇ ಯೀಸ್ಟ್ ಹಾಕಿ.

ಪ್ರಶ್ನೆ: ಒಂದೇ ದಿನ ಎರಡು ಸಲ ಕುದಿಸೋಷ್ಟು ಟೈಮಿಲ್ಲ. ಶನಿವಾರ ಅರ್ಧ, ಭಾನುವಾರ ಅರ್ಧ ಮಾಡಿ ಒಂದೇ ಫರ್ಮೆಂಟರಿಗೆ ಹಾಕ್ಬಹುದಾ?

ಖಂಡಿತ ಹಾಕಿ, ಬ್ರೂವರಿಗಳಲ್ಲಿ ಒಂದು ದೊಡ್ಡ ಟ್ಯಾಂಕನ್ನ ನಾಲ್ಕೈದು ಕುದಿಯಿಂದ ತುಂಬೋದು ದಿನನಿತ್ಯದ ಕೆಲಸ. ಮೊದಲ ದಿನ 20 ಲೀಟರಿಗೆ ಯೀಸ್ಟ್ ಹಾಕಿ ಮುಚ್ಚಿಡಿ, ಎರಡನೇ ದಿನದ ವರ್ಟ್ ಬರೋ ಹೊತ್ತಿಗೆ ಅದು ಬೆಳೆದು ದೊಡ್ಡ ಸ್ಟಾರ್ಟರ್ (ಯೀಸ್ಟಿನ ಹೆಪ್ಪು) ಆಗಿರತ್ತೆ. ನನಗೆ ಕೇಳಿದ್ರೆ ಒಂದೇ ದಿನ ಎಲ್ಲ ಮುಗಿಸೋದಕ್ಕಿಂತ ಇದೇ ಉತ್ತಮ, ಸುಸ್ತಾದವನು ಕೊನೆಗೆ ತೊಳೆಯೋದನ್ನ ಅರ್ಧಂಬರ್ಧ ಮಾಡ್ತಾನೆ. ಗಮನಿಸ್ಬೇಕಾದ್ದು ಇಷ್ಟೇ: 24 ಗಂಟೆ ದಾಟದಿರಲಿ, ಎರಡನೇ ವರ್ಟ್ ಮೊದಲಿಂದರಷ್ಟೇ ಉಷ್ಣಾಂಶದಲ್ಲಿರಲಿ, ಎರಡು ದಿನ ಬಿಟ್ಟು ಜೋರಾಗಿ ಹುದುಗ್ತಿರೋವಾಗ ಗಾಳಿ ಬೆರೆಸಿದ ವರ್ಟ್ ಸುರಿದ್ರೆ ಬೆಣ್ಣೆ ವಾಸನೆ ಬರೋ ಸಾಧ್ಯತೆ ಇದೆ. ಫರ್ಮೆಂಟರಲ್ಲಿ ನೊರೆಗೆ ಐದನೇ ಒಂದು ಭಾಗ ಜಾಗ ಇರ್ಲಿ, ಎರಡನೇ ದಿನ ಅದು ಎದ್ದು ಬರತ್ತೆ.

ಪ್ರಶ್ನೆ: 60 ಲೀಟರಿಗೆ ಒಂದು ಪ್ಯಾಕೆಟ್ ಯೀಸ್ಟ್ ಸಾಕಾ?

ಸಾಲಲ್ಲ. 11 ಗ್ರಾಮ್ ಚಿಲ್ಲರೆಯ ಒಣ ಯೀಸ್ಟ್ ಪ್ಯಾಕೆಟ್ಟು 20 ಲೀಟರ್ ಚಿಲ್ಲರೆ ಏಲಿಗೆ ಲೆಕ್ಕ ಹಾಕಿದ್ದು, 60ಕ್ಕೆ ಮೂರು. ದುಡ್ಡು ಉಳಿಸ್ಬೇಕಾದ್ರೆ ಮೊದ್ಲು ಅದೇ ಯೀಸ್ಟಲ್ಲಿ 20 ಲೀಟರಿನ ಹಗುರ ಬಿಯರ್ ಮಾಡಿ, ಅದನ್ನ ಬಾಟ್ಲಿಗೆ ತುಂಬೋ ದಿನವೇ ದೊಡ್ಡ ಬ್ಯಾಚಿನ ವರ್ಟ್ ತಯಾರಿಟ್ಕೊಂಡು ತಳದ ಗಸಿ ಅದಕ್ಕೆ ಸುರೀರಿ, 60 ಲೀಟರಿಗೆ ಧಾರಾಳ ಸಾಕು. ಮೊದಲಿನದು ಹುಳಿಯಾಗಿದ್ರೆ, ವಾಸನೆ ಸರಿ ಇಲ್ದಿದ್ರೆ ಮಾತ್ರ ಆ ಗಸಿ ಮುಟ್ಬೇಡಿ.

ಪ್ರಶ್ನೆ: 100 ಲೀಟರಿನ ಒಂದು ಡ್ರಮ್ಮಾ, 25 ಲೀಟರಿನ ನಾಲ್ಕೈದು ಬಕೆಟ್ಟಾ? ಡ್ರಮ್ಮು ಅಗ್ಗಕ್ಕೆ ಸಿಗ್ತಿದೆ.

ನನ್ನ ಓಟು ಬಕೆಟ್ಟಿಗೆ. ತುಂಬಿದ ಡ್ರಮ್ಮು 100 ಕೆಜಿ ಮೇಲೆ, ಇಟ್ಟಲ್ಲಿಂದ ಅಲ್ಲಾಡಲ್ಲ. ಒಂದು ಕಡೆ ಸೋಂಕು ತಗುಲಿದ್ರೆ ಎಲ್ಲಾ ಹೋಯ್ತು, ಬಕೆಟ್ಟಾದ್ರೆ ಒಂದು ಹೋಗಿ ಉಳಿದವು ಉಳೀತಾವೆ. ಇದಕ್ಕಿಂತ ದೊಡ್ಡ ವಿಷಯ ಶಾಖದ್ದು. ಹುದುಗೋವಾಗ ಯೀಸ್ಟ್ ಶಾಖ ಬಿಡತ್ತೆ, 1.050ರ ವರ್ಟಿಂದ ಆ ಶಾಖ ಎಲ್ಲೂ ಹೋಗದೇ ಒಳಗೇ ಉಳಿದ್ರೆ ಉಷ್ಣಾಂಶ 10ರಿಂದ 12 ಡಿಗ್ರಿ ಏರೋಷ್ಟು. ಸಣ್ಣ ಬಕೆಟ್ಟಲ್ಲಿ ಬದಿಗಳಿಂದ ಶಾಖ ಬೇಗ ಸೋರತ್ತೆ, ಡ್ರಮ್ಮಲ್ಲಿ ನಡು ಭಾಗದ ಬಿಸಿ ಹೊರಗೆ ಬರೋದೇ ನಿಧಾನ. ಕೋಣೆ 20 ಡಿಗ್ರಿ ಇದೆ ಅಂತ ನೀವು ನೆಮ್ಮದಿಯಾಗಿದ್ರೆ ಒಳಗೆ 27 ಆಗಿ ಬಿಯರ್ ಸಾಲ್ವೆಂಟ್ ವಾಸನೆ ಹೊಡೀತಿರತ್ತೆ. ಡ್ರಮ್ಮೇ ಬೇಕು ಅಂದ್ರೆ ಯೀಸ್ಟನ್ನ 17 ಡಿಗ್ರಿಲಿ ಹಾಕಿ, ಮೊದಲ ಮೂರು ದಿನ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಬಿಡಿ, ನಾಲ್ಕನೇ ದಿನದಿಂದ ಬಿಟ್ಬಿಡಿ. ಡ್ರಮ್ಮಲ್ಲಿ ಮುಂಚೆ ಏನಿತ್ತು ಅಂತ ಗೊತ್ತಿಲ್ದಿದ್ರೆ ಎಷ್ಟೇ ಅಗ್ಗ ಆಗ್ಲಿ ತಗೋಬೇಡಿ.

ಗಾಳಿ ಆಡೋ ಜಾಗದಲ್ಲಿಡಿ. 100 ಲೀಟರ್ ಹುದುಗಿದ್ರೆ ಸುಮಾರು 2 ಘನ ಮೀಟರ್ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಗಾಳಿಗಿಂತ ಭಾರ, ಮುಚ್ಚಿದ ನೆಲಮಾಳಿಗೇಲಿ ಕೆಳಗೆ ಕೂರತ್ತೆ. ಸಣ್ಣ ಏರ್‌ಲಾಕ್ (ಅನಿಲ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಸಾಧನ) ಬದ್ಲು ಬೆರಳು ದಪ್ಪದ ಪೈಪನ್ನ ನೀರಿನ ಡಬ್ಬಿಗೆ ಇಳಿಬಿಡಿ, ನೊರೆ ಕಟ್ಕೊಂಡು ಮುಚ್ಚಳ ಹಾರೋದು ತಪ್ಪತ್ತೆ.

ದೊಡ್ಡ ಪಾತ್ರೆ ಮೋಹ ಹೊಸದೇನಲ್ಲ. ಹಿಂದೆ ಲಂಡನ್ನಿನ ಬ್ರೂವರಿಗಳು ಯಾರ ಪೀಪಾಯಿ ದೊಡ್ಡದು ಅಂತ ಪೈಪೋಟಿ ನಡೆಸ್ತಿದ್ವು. 1814ರ ಅಕ್ಟೋಬರ್ 17ರಂದು ಹಾರ್ಸ್ ಶೂ ಬ್ರೂವರೀಲಿ ಸುಮಾರು 22 ಅಡಿ ಎತ್ತರದ ಮರದ ಪೀಪಾಯಿಯ ಕಬ್ಬಿಣದ ಬಳೆ ಜಾರಿ, ಸ್ವಲ್ಪ ಹೊತ್ತಿಗೆ ಪೀಪಾಯಿ ಒಡೆದು, ಬಿಯರಿನ ಪ್ರವಾಹ ಗೋಡೆ ಕೆಡವಿ ಹಿಂದಿನ ಬೀದಿ ಮನೆಗಳಿಗೆ ನುಗ್ಗಿ 8 ಜನ ಸತ್ರು. ನಿಮ್ಮ ಡ್ರಮ್ಮು ಅಷ್ಟು ಮಾಡಲ್ಲ ಬಿಡಿ, ಆದ್ರೆ ಸ್ಟೂಲ್ ಮೇಲೆ ಇಡ್ಬೇಡಿ.

ಪ್ರಶ್ನೆ: ಪಿಕ್ನಿಕ್ ಕೂಲರ್ ಬಾಕ್ಸಲ್ಲಿ ಮ್ಯಾಶ್ ಮಾಡಿದ್ರೆ ಎಷ್ಟು ಕಾಳು ಹಿಡಿಸತ್ತೆ?

ಒಂದು ಕೆಜಿ ಕಾಳು ನೀರಲ್ಲಿ ಮುಳುಗಿದಾಗ ಮೂರನೇ ಎರಡು ಲೀಟರ್ ಜಾಗ ತಗೊಳತ್ತೆ. ಕೆಜಿಗೆ 2.5 ಲೀಟರ್ ನೀರಂತೆ ಗಟ್ಟಿಯಾಗಿ ಕಲಸಿದ್ರೆ ಕೆಜಿಗೆ 3.2 ಲೀಟರ್ ಆಯ್ತು. 48 ಲೀಟರಿನ ಬಾಕ್ಸಲ್ಲಿ 12 ಕೆಜಿ ಆರಾಮಾಗಿ ಕೂರತ್ತೆ. 70 ಪರ್ಸೆಂಟ್ ಎಫಿಷಿಯನ್ಸಿ (ಕಾಳಿಂದ ಸಿಗಬಹುದಾದ ಸಿಹೀಲಿ ಕೈಗೆ ಬರೋ ಪಾಲು) ಹಿಡಿದ್ರೆ ಕೆಜಿಗೆ 210 ಪಾಯಿಂಟು, 12 ಕೆಜಿಗೆ 2520, ಅಂದ್ರೆ 1.050ರ 50 ಲೀಟರ್. ಕಮ್ಮಿ ಉಪಕರಣದಲ್ಲಿ ದೊಡ್ಡ ಬ್ಯಾಚು ಅಂದ್ರೆ ನನ್ನ ಮೊದಲ ಆಯ್ಕೆ ಈ ಬಾಕ್ಸೇ, ಮ್ಯಾಶ್ ಆಗೋವಾಗ ಒಲೆ ಬೇಡ, ಒಂದು ಗಂಟೇಲಿ ಒಂದೆರಡು ಡಿಗ್ರಿ ಇಳಿದ್ರೆ ಹೆಚ್ಚು. ಕಾಳು 25 ಡಿಗ್ರಿ ಇದ್ರೆ ನೀರನ್ನ 73ಕ್ಕೆ ಕಾಯಿಸಿ ಸುರೀರಿ, 66ಕ್ಕೆ ಬಂದು ನಿಲ್ಲತ್ತೆ. ಬಾಕ್ಸು ತಾನೂ ಸ್ವಲ್ಪ ಶಾಖ ಕುಡಿಯತ್ತೆ, ಮೊದ್ಲು ಬಿಸಿ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿದ್ರೆ ಈ ಲೆಕ್ಕ ಸರಿ ಕೂರತ್ತೆ.

ಪ್ರಶ್ನೆ: ರೆಸಿಪೀನ ಸುಮ್ನೆ ಮೂರರಿಂದ ಗುಣಿಸಿದ್ರೆ ಸಾಕಾ?

ಕಾಳು, ಹಾಪ್ಸ್, ಯೀಸ್ಟ್ ಸರಿ. ಆವಿಯಾಗೋ ನೀರನ್ನ ಮಾತ್ರ ಗುಣಿಸ್ಬೇಡಿ. ಅದು ಪಾತ್ರೆಯ ಬಾಯಿ ಅಗಲ ಮತ್ತೆ ಉರಿ ಮೇಲೆ ಹೋಗತ್ತೆ, ಒಳಗೆ ಎಷ್ಟು ಲೀಟರ್ ಇದೆ ಅನ್ನೋದ್ರ ಮೇಲಲ್ಲ. ನಿಮ್ಮ ಪಾತ್ರೇಲಿ ಬರೀ ನೀರನ್ನ ಒಂದು ಗಂಟೆ ಕುದಿಸಿ ಎಷ್ಟು ಕಮ್ಮಿ ಆಯ್ತು ಅಂತ ನೋಡಿ ಬರೆದಿಟ್ಕೊಳ್ಳಿ.

ಪ್ರಶ್ನೆ: ಇಷ್ಟು ದೊಡ್ಡ ಫರ್ಮೆಂಟರನ್ನ ಸ್ಯಾನಿಟೈಸ್ ಮಾಡೋಕೆ ಅದರ ತುಂಬ ದ್ರಾವಣ ಬೇಕಾ?

ಬೇಡ್ವೇ ಬೇಡ. ಎರಡು ಮೂರು ಲೀಟರ್ ದ್ರಾವಣ ಹಾಕಿ ಉರುಳಿಸಿ, ಮುಚ್ಚಳಕ್ಕೆ ಸ್ಪ್ರೇ ಮಾಡಿ, ಲೇಬಲ್ಲಲ್ಲಿ ಹೇಳಿರೋಷ್ಟು ನಿಮಿಷ ಒದ್ದೆಯಾಗಿದ್ರೆ ಆಯ್ತು. ಅದಕ್ಕೂ ಮುಂಚೆ ಕೊಳೆ ಪೂರ್ತಿ ಹೋಗಿರ್ಬೇಕು, ಕೊಳೆ ಮೇಲೆ ಯಾವ ಸ್ಯಾನಿಟೈಸರೂ ಕೆಲ್ಸ ಮಾಡಲ್ಲ. ಪ್ಲಾಸ್ಟಿಕ್ಕನ್ನ ಒರಟು ಬ್ರಷ್ಷಲ್ಲಿ ಉಜ್ಜಬೇಡಿ, ಆ ಗೀರುಗಳಲ್ಲೇ ಕ್ರಿಮಿ ಕೂರೋದು. ಬ್ಲೀಚನ್ನ ಆಸಿಡ್ ಸ್ಯಾನಿಟೈಸರ್ ಜೊತೆಗಾಗ್ಲಿ ವಿನೆಗರ್ ಜೊತೆಗಾಗ್ಲಿ ಬೆರೆಸ್ಬೇಡಿ, ಕ್ಲೋರಿನ್ ಅನಿಲ ಬರತ್ತೆ.

ಪ್ರಶ್ನೆ: 40 ಲೀಟರ್ ಬಿಯರ್ ರೆಡಿ. ಬಾಟ್ಲಿಗೆ ಹಾಕೋವಾಗ ಗ್ಯಾಸ್ ಬರೋಕೆ ಸಕ್ಕರೆ ಎಷ್ಟು, ಹೇಗೆ? ಹೋದ ಸಲ ಕೆಲವು ಸಪ್ಪೆ, ಕೆಲವು ತೆಗೆದ ಕೂಡ್ಲೇ ಚಿಮ್ಮಿದ್ವು.

ಕೆಲವು ಸಪ್ಪೆ ಕೆಲವು ಚಿಮ್ಮಿದ್ವು ಅಂದ್ರೆ ಸಕ್ಕರೆ ಬೆರೆತಿಲ್ಲ ಅಂತಲೇ ಅರ್ಥ. ಹುದುಗಿದ್ದು 20 ಡಿಗ್ರಿ ಆಸುಪಾಸಲ್ಲಾದ್ರೆ ಲೀಟರಿಗೆ 6 ಗ್ರಾಮ್ ಮಾಮೂಲಿ ಸಕ್ಕರೆ, 40ಕ್ಕೆ 240 ಗ್ರಾಮ್. ಇದನ್ನ ಒಂದೇ ಸಲ ಡ್ರಮ್ಮಿಗೆ ಸುರಿದು ತಿರುವೋಕೆ ಹೋಗ್ಬೇಡಿ, ಜೋರಾಗಿ ತಿರುವಿದ್ರೆ ಆಮ್ಲಜನಕ ಸೇರತ್ತೆ, ಮೆಲ್ಲಗೆ ತಿರುವಿದ್ರೆ ಬೆರೆಯಲ್ಲ. 20 ಲೀಟರಿಗಿಂತ ದೊಡ್ಡ ಖಾಲಿ ಬಕೆಟ್ಟಿನ ತಳಕ್ಕೆ 120 ಗ್ರಾಮನ್ನ ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ ಹಾಕಿ, ಅದರ ಮೇಲೆ ಬಿಯರನ್ನ ಸೈಫನ್ನಲ್ಲಿ ಇಳಿಸಿ, ಪೈಪಿನ ತುದಿ ತಳದಲ್ಲಿ ಒಂದು ಬದಿಗೆ ಬಾಗಿರ್ಲಿ, ಬಿಯರ್ ತಾನೇ ಸುತ್ತಿ ಬೆರೆಯತ್ತೆ. ಆ 20 ಮುಗಿಸಿ ಇನ್ನೊಂದು 20.

ಎರಡು ಬಕೆಟ್ಟಲ್ಲಿ ಬೇರೆ ಬೇರೆ ಹುದುಗಿಸಿದ್ರೆ ಎರಡರ ಗ್ರ್ಯಾವಿಟೀನೂ ಬೇರೆ ಬೇರೆ ನೋಡಿ. ಒಂದು ಮುಗಿದಿರತ್ತೆ, ಇನ್ನೊಂದು ಎರಡು ಪಾಯಿಂಟ್ ಹಿಂದೆ ಇರತ್ತೆ, ಅದು ಬಾಟ್ಲೀಲಿ ಮುಗಿಸೋಕೆ ಹೊರಟ್ರೆ ಗಾಜು ಒಡೆಯತ್ತೆ. ಮೂರು ದಿನ ಒಂದೇ ಅಂಕಿ ನಿಂತಿರ್ಬೇಕು. ಅರ್ಧ ಲೀಟರಿನ 80 ಬಾಟ್ಲಿ ಬೇಕಾಗತ್ತೆ, ಹಿಂದಿನ ದಿನವೇ ತೊಳೆದಿಡಿ, ಒಂದನ್ನ ಮಾತ್ರ ಪ್ಲಾಸ್ಟಿಕ್ ಬಾಟ್ಲೀಲಿ ತುಂಬಿ, ದಿನಾ ಒತ್ತಿ ನೋಡಿ, ಅದು ಕಲ್ಲಿನ ಹಾಗೆ ಗಟ್ಟಿಯಾದ ದಿನ ಮಿಕ್ಕಿದ್ರಲ್ಲೂ ಗ್ಯಾಸ್ ತುಂಬಿದೆ ಅಂತ ಲೆಕ್ಕ. ಆಮೇಲೆ ಒಂದು ತಣ್ಣಗೆ ಮಾಡಿ ತೆಗೆದು ನೋಡಿ.